ಕೋರ್ ಐ5-12400ಎಫ್ ವಿಮರ್ಶೆ: ಅದೇ ಚಿಪ್, ಒಬ್ಬರಲ್ಲಿ 68 ಡಿಗ್ರಿ, ಇನ್ನೊಬ್ಬರಲ್ಲಿ 84

ಇಂಟೆಲ್ ಕೋರ್ ಐ5-12400ಎಫ್ ಪ್ರೊಸೆಸರ್ ಬಂದದ್ದು 2022ರ ಜನವರಿಯಲ್ಲಿ. ಆಮೇಲೆ 13, 14ನೇ ತಲೆಮಾರುಗಳು ಬಂದರೂ ಕಡಿಮೆ ಬಜೆಟ್ಟಿನ ಗೇಮಿಂಗ್ ಪಿಸಿಗೆ ಕೊಟೇಶನ್ ಕೇಳಿದರೆ ಇದರ ಹೆಸರು ಈಗಲೂ ಬರುತ್ತದೆ. ಆರು ಕೋರ್, ಹನ್ನೆರಡು ಥ್ರೆಡ್, 18 ಎಂಬಿ ಎಲ್3 ಕ್ಯಾಶ್. ಒಂದೆರಡು ಕೋರಿಗೆ ಮಾತ್ರ ಕೆಲಸವಿದ್ದಾಗ 4.4 ಗಿಗಾಹರ್ಟ್ಸ್, ಆರಕ್ಕೂ ಇದ್ದಾಗ 4.0. 1080ಪಿ ಗೇಮಿಗೆ, ಕೋಡಿಂಗಿಗೆ, ಆಫೀಸ್ ಕೆಲಸಕ್ಕೆ ಧಾರಾಳವಾಗಿ ಸಾಕು. ವಿಡಿಯೊ ಎಡಿಟಿಂಗೇ ಮುಖ್ಯ ಅನ್ನುವವರು ‘ಎಫ್’ ಇಲ್ಲದ 12400 ತಗೊಳ್ಳಿ. ಎಫ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲದ್ದರಿಂದ ವಿಡಿಯೊ ಕೆಲಸವನ್ನು ಬೇಗ ಮುಗಿಸುವ ಕ್ವಿಕ್ ಸಿಂಕ್ ಕೂಡ ಇಲ್ಲ. ವೇಗದ ಬಗ್ಗೆ ಇಷ್ಟು ಸಾಕು.

ಕೊಂಡವರ ತಕರಾರೆಲ್ಲ ಬಿಸಿಯದ್ದು. ಇಬ್ಬರು ಗೆಳೆಯರು ಒಂದೇ ಅಂಗಡಿಯಲ್ಲಿ ಒಂದೇ ಡಬ್ಬಿ ಕೊಂಡಿರುತ್ತಾರೆ. ಪ್ರೊಸೆಸರನ್ನು ಪೂರ್ತಿ ದುಡಿಸಿ ಸ್ಕೋರ್ ಕೊಡುವ ಸಿನಿಬೆಂಚ್ ಹಾಕಿದರೆ ಒಬ್ಬರದು 68 ಡಿಗ್ರಿ ತೋರಿಸುತ್ತದೆ, ಇನ್ನೊಬ್ಬರದು 84. ಎರಡನೆಯವರಿಗೆ ತಕ್ಷಣ ಅನಿಸುವುದು, ತಮಗೆ ಕಳಪೆ ಪೀಸ್ ಬಂದಿದೆ ಎಂದು. ಬದಲಾಯಿಸಿ ಕೊಡಿ ಅಂತ ಅಂಗಡಿಗೆ ಹೋಗುತ್ತಾರೆ, ಅಂಗಡಿಯವರು ‘ಅದು ನಾರ್ಮಲ್ ಸಾರ್’ ಅನ್ನುತ್ತಾರೆ. ಸಾಮಾನ್ಯವಾಗಿ ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು. ಆ ಹದಿನಾರು ಡಿಗ್ರಿಯಲ್ಲಿ ಚಿಪ್ಪಿನ ಪಾಲು ಎರಡು ಮೂರು ಡಿಗ್ರಿ ಇದ್ದರೆ ಹೆಚ್ಚು. ಉಳಿದದ್ದು ಕೋಣೆ, ಮದರ್‌ಬೋರ್ಡ್ ಮತ್ತು ಕೂಲರ್ ಕೂತಿರುವ ರೀತಿ ಹಂಚಿಕೊಳ್ಳುತ್ತವೆ.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಪ್ರೊಸೆಸರ್‌ಗೆ ಐದಕ್ಕೆ ನಾಲ್ಕೂವರೆ, ಜೊತೆಗೆ ಬರುವ ಡಬ್ಬಿ ಕೂಲರ್‌ಗೆ ಎರಡೂವರೆ.

ಮೊದಲು ಲೆಕ್ಕ

ಡಿಗ್ರಿಯನ್ನು ಡಿಗ್ರಿಯೊಂದಿಗೆ ನೇರವಾಗಿ ಹೋಲಿಸಬೇಡಿ. ಕೋಣೆಯ ಉಷ್ಣತೆಯನ್ನು ಕಳೆದು, ಬಂದದ್ದನ್ನು ಪ್ರೊಸೆಸರ್ ಎಳೆದ ವ್ಯಾಟ್‌ನಿಂದ ಭಾಗಿಸಿ. ಸಿಗುವ ಸಂಖ್ಯೆ, ಒಂದು ವ್ಯಾಟ್‌ಗೆ ಎಷ್ಟು ಡಿಗ್ರಿ ಏರಿತು ಎಂಬುದು. ಹೋಲಿಸಬೇಕಾದದ್ದು ಅದನ್ನು.

ಉದಾಹರಣೆಗೆ ಬೆಂಗಳೂರಿನ ಒಂದು ಕೋಣೆಯಲ್ಲಿ 24 ಡಿಗ್ರಿ, ಪ್ರೊಸೆಸರ್ 68 ಡಿಗ್ರಿ, 64 ವ್ಯಾಟ್ ಅಂದುಕೊಳ್ಳಿ. 44 ಭಾಗಿಸು 64, ಅಂದರೆ ಸುಮಾರು 0.69. ಮೇ ತಿಂಗಳಲ್ಲಿ ಕಲಬುರಗಿಯ ಕೋಣೆಯಲ್ಲಿ 38 ಡಿಗ್ರಿ, ಪ್ರೊಸೆಸರ್ 84, 66 ವ್ಯಾಟ್. 46 ಭಾಗಿಸು 66, ಸುಮಾರು 0.70. ಎರಡೂ ಪಿಸಿ ಒಂದೇ ಥರ ನಡೆಯುತ್ತಿವೆ. ಕಲಬುರಗಿಯವರು ಪ್ರೊಸೆಸರ್ ಬದಲಾಯಿಸಿದರೂ 84ರ ಆಸುಪಾಸಿಗೇ ಬರುತ್ತದೆ. ಈಗ ಬೆಂಗಳೂರಿನದೇ ಮತ್ತೊಂದು ಪಿಸಿ: ಕೋಣೆ 24, ಪ್ರೊಸೆಸರ್ 84, 66 ವ್ಯಾಟ್. 60 ಭಾಗಿಸು 66, ಅಂದರೆ 0.91. ಇದು ಕೂಲರ್ ಸರಿಯಾಗಿ ಕೂತಿಲ್ಲದ ಲಕ್ಷಣ. ನಾಲ್ಕನೆಯದರಲ್ಲಿ ಕೋಣೆ 26, ಪ್ರೊಸೆಸರ್ 79, 78 ವ್ಯಾಟ್: 0.68. ಕೂಲರ್ ಚೆನ್ನಾಗಿದೆ, ಬೋರ್ಡ್ ಬೇಡದಷ್ಟು ವೋಲ್ಟೇಜ್ ಕೊಡುತ್ತಿದೆ. 84 ಡಿಗ್ರಿಯ ಎರಡು ಪಿಸಿಗಳಲ್ಲಿ ಒಂದಕ್ಕೆ ಏನೂ ಆಗಿಲ್ಲ, ಇನ್ನೊಂದರ ಕೂಲರ್ ಬಿಚ್ಚಬೇಕು. ಬರೀ ಡಿಗ್ರಿ ನೋಡಿದರೆ ಯಾವುದು ಯಾವುದು ಎಂದು ತಿಳಿಯುವುದೇ ಇಲ್ಲ.

ಅಳೆಯುವುದಕ್ಕೆ ಸೆನ್ಸರ್‌ಗಳ ಓದು ತೋರಿಸುವ ಎಚ್‌ಡಬ್ಲ್ಯೂಇನ್ಫೋ64 ಮತ್ತು ಸಿನಿಬೆಂಚ್ ಆರ್23 ಸಾಕು, ಎರಡೂ ಉಚಿತ. ಕೋಣೆಯ ಉಷ್ಣತೆಗೆ ಗೋಡೆಯ ಗಡಿಯಾರದ ಥರ್ಮಾಮೀಟರ್ ನಂಬಬೇಡಿ; ಕ್ಯಾಬಿನೆಟ್ಟಿನ ಮುಂದೆ, ಗಾಳಿ ಒಳಗೆ ಹೋಗುವ ಜಾಗದಲ್ಲಿ ಒಂದು ಸಾದಾ ಡಿಜಿಟಲ್ ಥರ್ಮಾಮೀಟರ್ ಇಡಿ. ಸಿನಿಬೆಂಚ್ ಹತ್ತು ನಿಮಿಷ ಓಡಲಿ. ಮೊದಲ ಅರ್ಧ ನಿಮಿಷದ ಓದನ್ನು ಬಿಟ್ಟುಬಿಡಿ, ಏಕೆಂದರೆ ಇಂಟೆಲ್‌ನ ಮೂಲ ಸೆಟ್ಟಿಂಗ್‌ನಲ್ಲಿ ಈ ಪ್ರೊಸೆಸರ್ 28 ಸೆಕೆಂಡ್ ಹೊತ್ತು 117 ವ್ಯಾಟ್‌ವರೆಗೆ ಹೋಗಬಹುದು, ನಂತರ 65ಕ್ಕೆ ಇಳಿಯಬೇಕು. ಕೊನೆಯ ಎರಡು ನಿಮಿಷದಲ್ಲಿ ನಾಲ್ಕು ಸಂಖ್ಯೆ ಬರೆದುಕೊಳ್ಳಿ: ಪ್ಯಾಕೇಜ್ ಉಷ್ಣತೆ, ಪ್ಯಾಕೇಜ್ ಪವರ್, ಎಫೆಕ್ಟಿವ್ ಕ್ಲಾಕ್ (ಕೋರಿನ ನಿಜವಾದ ವೇಗ), ಫ್ಯಾನ್ ವೇಗ. ಕೊನೆಯಲ್ಲಿ ಸ್ಕೋರ್. ಸ್ಕೋರ್ 12,000ದ ಆಸುಪಾಸಿನಲ್ಲಿದ್ದರೆ ಪ್ರೊಸೆಸರ್ ತನ್ನ ಪೂರ್ತಿ ಕೆಲಸ ಮಾಡುತ್ತಿದೆ ಎಂದರ್ಥ. ತುಂಬಾ ಕೆಳಗಿದ್ದು ಉಷ್ಣತೆಯೂ ಕಡಿಮೆ ಇದ್ದರೆ ಸಂಭ್ರಮಿಸಬೇಡಿ, ಯಾವುದೋ ಮಿತಿ ಅದನ್ನು ಹಿಡಿದಿಟ್ಟಿದೆ.

ಸುಮ್ಮನಿದ್ದಾಗಿನ ಉಷ್ಣತೆಯನ್ನು ಹೋಲಿಸುವವರೇ ಹೆಚ್ಚು. ಅದರಿಂದ ಪ್ರಯೋಜನವಿಲ್ಲ. ಇಂಟೆಲ್ ಚಿಪ್ಪಿನೊಳಗಿನ ಸೆನ್ಸರ್ ಅಳೆಯುವುದು 100 ಡಿಗ್ರಿಯ ಮಿತಿಯಿಂದ ಎಷ್ಟು ಕೆಳಗಿದ್ದೇನೆ ಎಂಬುದನ್ನು. ಮಿತಿಯ ಹತ್ತಿರ ಅದು ನಿಖರ, 35-40ರಲ್ಲಿ ಅಷ್ಟಿಲ್ಲ. ಮೇಲಾಗಿ ಬ್ರೌಸರ್‌ನ ಒಂದು ಟ್ಯಾಬ್ ಕಣ್ಣು ಮಿಟುಕಿಸಿದರೂ ಒಂದು ಕೋರ್ 4.4ಕ್ಕೆ ಜಿಗಿದು ಹತ್ತು ಡಿಗ್ರಿ ಏರಿಸಿ ಇಳಿಯುತ್ತದೆ. ಕೋರಿನಿಂದ ಕೋರಿಗೂ ಕೆಲವು ಡಿಗ್ರಿ ವ್ಯತ್ಯಾಸ ಇರುವುದು ಸಹಜ. ಸುತ್ತಲೂ ಬಿಸಿ ಕೋರುಗಳಿರುವ ನಡುವಿನವು ಅಂಚಿನವಕ್ಕಿಂತ ಬಿಸಿಯಾಗಿರುತ್ತವೆ.

ಹೆಸರು ಒಂದೇ, ಡೈ ಎರಡು

ಚಿಪ್ಪಿನ ಪಾಲು ಕಡಿಮೆ ಎಂದೆವು, ಇಲ್ಲವೇ ಇಲ್ಲ ಎಂದಿಲ್ಲ. 12400ಎಫ್ ಹೆಸರಿನಲ್ಲಿ ಇಂಟೆಲ್ ಎರಡು ಬೇರೆ ಬೇರೆ ಸಿಲಿಕಾನ್ ತುಂಡುಗಳನ್ನು, ಅಂದರೆ ಡೈಗಳನ್ನು, ಮಾರಿದೆ. ಒಂದು ಎಚ್0: ಆರು ಕೋರಿಗೆಂದೇ ಮಾಡಿದ ಚಿಕ್ಕ ಡೈ, ಸುಮಾರು 163 ಚದರ ಮಿ.ಮೀ. ಇನ್ನೊಂದು ಸಿ0: ಐ9ಕ್ಕೆ ಬಳಸುವ ದೊಡ್ಡ ಡೈ, ಸುಮಾರು 215 ಚದರ ಮಿ.ಮೀ., ಅದರಲ್ಲಿ ಎರಡು ದೊಡ್ಡ ಕೋರುಗಳನ್ನೂ ಎಂಟೂ ಚಿಕ್ಕ ಕೋರುಗಳನ್ನೂ ಕಾರ್ಖಾನೆಯಲ್ಲೇ ಮುಚ್ಚಿರುತ್ತಾರೆ. ಪ್ರೊಸೆಸರ್ ತಲೆಯ ಮೇಲಿನ ಬರಹದಲ್ಲಿ ಎಸ್‌ಆರ್‌ಎಲ್5ಝಡ್ ಎಂದಿದ್ದರೆ ಎಚ್0, ಎಸ್‌ಆರ್‌ಎಲ್4ಡಬ್ಲ್ಯೂ ಎಂದಿದ್ದರೆ ಸಿ0. ಕೂಲರ್ ಹಾಕಿಯಾಗಿದ್ದರೆ ಸಿಪಿಯು-ಝಡ್ ತಂತ್ರಾಂಶ ತೆರೆದು ‘ಸ್ಟೆಪ್ಪಿಂಗ್’ (ಚಿಪ್ಪಿನ ಆವೃತ್ತಿ) ನೋಡಿ: 5 ಇದ್ದರೆ ಎಚ್0, 2 ಇದ್ದರೆ ಸಿ0.

ದೊಡ್ಡ ಡೈನಲ್ಲಿ ಶಾಖ ಹರಡಲು ಜಾಗ ಹೆಚ್ಚು, ಆದರೆ ಮುಚ್ಚಿದ ಭಾಗಗಳೂ ಮೈಮೇಲೆ ಇರುತ್ತವೆ. ಚಿಕ್ಕದರಲ್ಲಿ ಜಾಗ ಕಡಿಮೆ, ಹೊರೆಯೂ ಕಡಿಮೆ. ಯಾವುದು ತಂಪು ಎಂದು ಕಣ್ಣುಮುಚ್ಚಿ ಹೇಳಲು ಬರುವುದಿಲ್ಲ. ಇದಕ್ಕಾಗಿ ಅಂಗಡಿಯವರೊಂದಿಗೆ ಡಬ್ಬಿ ಹುಡುಕಿಸುತ್ತಾ ನಿಲ್ಲುವುದು ವ್ಯರ್ಥ.

ಆದರೆ ಹಳೆಯ ಐ5-10400ಎಫ್ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮಾತ್ರ ತಲೆಯ ಬರಹ ನೋಡಲೇಬೇಕು. ಅದರಲ್ಲೂ ಎರಡು ಬಗೆ: ಎಸ್‌ಆರ್‌ಎಚ್79 ಎಂದರೆ ಕ್ಯೂ0, ಹತ್ತು ಕೋರಿನ ಡೈ, ಡೈ ಮತ್ತು ಲೋಹದ ಮುಚ್ಚಳದ ನಡುವೆ ಬೆಸುಗೆ. ಎಸ್‌ಆರ್‌ಎಚ್3ಡಿ ಎಂದರೆ ಜಿ1, ಆರು ಕೋರಿನ ಡೈ, ನಡುವೆ ಸಾದಾ ಥರ್ಮಲ್ ಪೇಸ್ಟ್. ಹೆಸರು, ವೇಗ, ವ್ಯಾಟ್ ಎಲ್ಲ ಒಂದೇ. ಮುಚ್ಚಳದ ಒಳಗಿನ ಪೇಸ್ಟನ್ನು ನೀವು ಬದಲಾಯಿಸಲು ಆಗುವುದಿಲ್ಲ, ಹೊರಗೆ ಎಂಥ ಕೂಲರ್ ಹಾಕಿದರೂ ಆ ಅಡ್ಡಿ ಅಲ್ಲೇ ಇರುತ್ತದೆ. ಬೆಲೆ ಒಂದೇ ಆದರೆ ಎಸ್‌ಆರ್‌ಎಚ್79 ಎತ್ತಿಕೊಳ್ಳಿ.

ಇನ್ನು ಒಂದೇ ಸ್ಟೆಪ್ಪಿಂಗ್‌ನ ಎರಡು ಚಿಪ್ಪುಗಳ ವಿಷಯ. ಪ್ರತಿ ಚಿಪ್ಪನ್ನೂ ಕಾರ್ಖಾನೆಯಲ್ಲಿ ಪರೀಕ್ಷಿಸಿ, ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಬೇಕು ಎಂಬ ಪಟ್ಟಿಯನ್ನು ಅದರೊಳಗೇ ಶಾಶ್ವತವಾಗಿ ಬರೆದಿರುತ್ತಾರೆ. ಒಂದು ಚಿಪ್ಪು 4.0 ಗಿಗಾಹರ್ಟ್ಸ್‌ಗೆ ಸ್ವಲ್ಪ ಕಡಿಮೆ ಕೇಳುತ್ತದೆ, ಇನ್ನೊಂದು ಸ್ವಲ್ಪ ಹೆಚ್ಚು. ತಮಾಷೆಯೆಂದರೆ ಕಡಿಮೆ ವೋಲ್ಟೇಜ್ ಕೇಳುವ ಚಿಪ್ಪುಗಳಲ್ಲಿ ಕೆಲವು ಸೋರಿಕೆ ಕರೆಂಟ್ ಹೆಚ್ಚಿರುವಂಥವು. ಟ್ರಾನ್ಸಿಸ್ಟರ್ ಬೇಗ ತೆರೆದುಕೊಳ್ಳುತ್ತದೆ, ಆದರೆ ಮುಚ್ಚಿದಾಗಲೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆ ಸೋರಿಕೆ ಬಿಸಿಯಾದಷ್ಟೂ ಹೆಚ್ಚುತ್ತದೆ. ಹಾಗಾಗಿ ಅದೇ ಚಿಪ್ಪು, ಅದೇ ಕೆಲಸ, ಕೂಲರ್ ಕೆಟ್ಟದಿದ್ದಾಗ ವ್ಯಾಟ್ ಕೂಡ ತುಸು ಹೆಚ್ಚು ಎಳೆಯುತ್ತದೆ.

ಬೋರ್ಡು ಮಾಡುವ ಕಿತಾಪತಿ

ಬಹಳಷ್ಟು ಜನ ತಲೆಯನ್ನೇ ಹಾಕದ ಜಾಗ ಇದು, ದೊಡ್ಡ ವ್ಯತ್ಯಾಸ ಅಡಗಿರುವುದೂ ಇಲ್ಲೇ.

ಪ್ರೊಸೆಸರ್ ಕೇಳಿದ ವೋಲ್ಟೇಜ್ ಬೋರ್ಡಿನಿಂದ ಚಿಪ್ಪಿಗೆ ಹರಿಯುವ ದಾರಿಯಲ್ಲಿ ಸ್ವಲ್ಪ ಕುಸಿಯುತ್ತದೆ. ಎಷ್ಟು ಕುಸಿಯಬಹುದು ಎಂಬುದನ್ನು ಬೋರ್ಡ್ ತಯಾರಕರು ಬಯೋಸ್‌ನಲ್ಲಿ (ಬೋರ್ಡಿನ ಒಳ ಸೆಟ್ಟಿಂಗ್‌ಗಳ ತಂತ್ರಾಂಶ) ‘ಎಸಿ ಲೋಡ್‌ಲೈನ್’ ಎಂಬ ಸಂಖ್ಯೆಯಾಗಿ ಬರೆದಿಡುತ್ತಾರೆ, ಮಿಲಿಓಮ್ ಲೆಕ್ಕದಲ್ಲಿ. ಪ್ರೊಸೆಸರ್ ಅದನ್ನು ಓದಿ ಅಷ್ಟನ್ನು ಮೊದಲೇ ಸೇರಿಸಿ ಕೇಳುತ್ತದೆ. ತಯಾರಕರು ಸುರಕ್ಷಿತವಾಗಿರಲಿ ಎಂದು ಈ ಸಂಖ್ಯೆಯನ್ನು ಹೆಚ್ಚಿಟ್ಟರೆ ನಿಮ್ಮ ಚಿಪ್ಪು ಬೇಡದ ವೋಲ್ಟೇಜ್ ತಿನ್ನುತ್ತದೆ. 65 ವ್ಯಾಟ್, 1.1 ವೋಲ್ಟ್ ಎಂದರೆ ಸುಮಾರು 59 ಆಂಪಿಯರ್. ಒಂದು ಬೋರ್ಡು 0.5 ಮಿಲಿಓಮ್, ಇನ್ನೊಂದು 1.5 ಎಂದು ಬರೆದಿದ್ದರೆ ವ್ಯತ್ಯಾಸ 59 ಮಿಲಿವೋಲ್ಟ್. ಪವರ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ ಅಷ್ಟಕ್ಕೇ ಸುಮಾರು 11 ಶೇಕಡಾ, ಅಂದರೆ ಏಳು ವ್ಯಾಟ್. ವ್ಯಾಟ್‌ಗೆ 0.7 ಡಿಗ್ರಿಯ ಡಬ್ಬಿ ಕೂಲರ್ ಮೇಲೆ ಅದು ಐದು ಡಿಗ್ರಿ. ಚಿಪ್ಪು ಅದೇ, ಸ್ಕೋರ್ ಅದೇ.

ಎಂಎಸ್‌ಐ ಬೋರ್ಡುಗಳಲ್ಲಿ ಇದು ‘ಸಿಪಿಯು ಲೈಟ್ ಲೋಡ್’ ಎಂಬ ಹೆಸರಿನಲ್ಲಿ ಮೋಡ್‌ಗಳಾಗಿ ಸಿಗುತ್ತದೆ, ಆಸುಸ್‌ನಲ್ಲಿ ‘ಐಎ ಎಸಿ ಲೋಡ್ ಲೈನ್’ ಮತ್ತು ‘ಎಸ್‌ವಿಐಡಿ ಬಿಹೇವಿಯರ್’, ಗಿಗಾಬೈಟ್‌ನಲ್ಲಿ ವಿಆರ್ ಸೆಟ್ಟಿಂಗ್‌ಗಳ ಒಳಗೆ ‘ಎಸಿ ಲೋಡ್‌ಲೈನ್’. ಒಂದು ಎಚ್ಚರ: ಎಂಎಸ್‌ಐನಲ್ಲಿ 110 ಎಂದು ಬರೆದಿದ್ದರೆ ಅದು 1.10 ಮಿಲಿಓಮ್, ಆಸುಸ್‌ನಲ್ಲಿ ನೇರವಾಗಿ 1.10 ಎಂದೇ ಹಾಕಬೇಕು. ಒಂದೊಂದೇ ಹೆಜ್ಜೆ ಇಳಿಸಿ, ಪ್ರತಿ ಸಲವೂ ಸಿನಿಬೆಂಚ್ ಓಡಿಸಿ.

ಇಳಿಸುತ್ತಾ ಹೋದರೆ ಒಂದು ಹಂತದಲ್ಲಿ ಮೋಸ ಶುರುವಾಗುತ್ತದೆ. ಉಷ್ಣತೆ ಚೆನ್ನಾಗಿ ಇಳಿದಿರುತ್ತದೆ, ಕ್ಲಾಕ್ 4.0 ಎಂದೇ ತೋರಿಸುತ್ತಿರುತ್ತದೆ, ಆದರೆ ಸ್ಕೋರ್ ಸಾವಿರ ಎರಡು ಸಾವಿರ ಬಿದ್ದಿರುತ್ತದೆ. 12400ಎಫ್‌ನಂತೆ ಹೆಸರಿನಲ್ಲಿ ‘ಕೆ’ ಇಲ್ಲದ ಪ್ರೊಸೆಸರ್‌ಗಳಲ್ಲಿ ಸಿಇಪಿ ಎಂಬ ರಕ್ಷಣಾ ವ್ಯವಸ್ಥೆ ಇದೆ. ನಿರೀಕ್ಷೆಗಿಂತ ಕಡಿಮೆ ವೋಲ್ಟೇಜ್ ಕಂಡಾಗ ಅದು ಗಡಿಯಾರದ ಬಡಿತಗಳನ್ನು ನುಂಗುತ್ತದೆ. ಬಹುತೇಕ ಬಿ660, ಬಿ760 ಬೋರ್ಡುಗಳಲ್ಲಿ ಅದನ್ನು ಆರಿಸಲು ಆಗುವುದಿಲ್ಲ. ಎಚ್‌ಡಬ್ಲ್ಯೂಇನ್ಫೋದ ‘ಎಫೆಕ್ಟಿವ್ ಕ್ಲಾಕ್’ ಸಾಲಿನಲ್ಲಿ ನಿಜ ಕಾಣುತ್ತದೆ: 4.0 ಇರಬೇಕಾದಲ್ಲಿ 3.4 ಅಥವಾ 3.5. ಅಂಥ ಕಡೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ‘ಅಂಡರ್‌ವೋಲ್ಟ್ ಮಾಡಿ 15 ಡಿಗ್ರಿ ಇಳಿಸಿದೆ’ ಎಂದು ಸ್ಕ್ರೀನ್‌ಶಾಟ್ ಹಾಕುವವರಲ್ಲಿ ಹಲವರು ಸ್ಕೋರ್ ತೋರಿಸದಿರುವುದಕ್ಕೆ ಇದೇ ಕಾರಣ.

ಎಸಿಯ ಜೊತೆಗಾರ ಡಿಸಿ ಲೋಡ್‌ಲೈನ್. ಅದು ಬಿಸಿಯನ್ನು ಬದಲಿಸುವುದಿಲ್ಲ, ಲೆಕ್ಕವನ್ನು ಕೆಡಿಸುತ್ತದೆ. ಪ್ರೊಸೆಸರ್ ತಾನು ಎಳೆದ ವ್ಯಾಟನ್ನು ಈ ಸಂಖ್ಯೆ ಬಳಸಿಯೇ ಅಂದಾಜು ಮಾಡುತ್ತದೆ. ತಪ್ಪಾಗಿದ್ದರೆ 72 ವ್ಯಾಟ್ ಎಳೆಯುತ್ತಾ 65 ಎಂದು ತೋರಿಸಬಹುದು, ಉಲ್ಟಾ ಕೂಡ ಆಗಬಹುದು. ಎಚ್‌ಡಬ್ಲ್ಯೂಇನ್ಫೋದಲ್ಲಿ ‘ವಿಆರ್ ವಿಔಟ್’ (ಬೋರ್ಡ್ ನಿಜಕ್ಕೂ ಕೊಡುತ್ತಿರುವ ವೋಲ್ಟೇಜ್) ಸಾಲು ಸಿಗುವ ಬೋರ್ಡಾಗಿದ್ದರೆ, ಭಾರ ಬಿದ್ದಾಗ ಅದೂ ಕೋರ್ ವಿಐಡಿಯೂ (ಪ್ರೊಸೆಸರ್ ಲೆಕ್ಕದ ವೋಲ್ಟೇಜ್) ಹತ್ತಿರ ಹತ್ತಿರ ಇರಬೇಕು. ದೂರ ಇದ್ದರೆ ಮೇಲಿನ ಭಾಗಾಕಾರದ ಉತ್ತರವನ್ನು ನಂಬಬೇಡಿ.

ಇನ್ನೊಂದು ವಿಷಯ ಪವರ್ ಮಿತಿ. ಎಂಎಸ್‌ಐ ಬೋರ್ಡುಗಳು ಮೊದಲ ಸಲ ಬಯೋಸ್ ತೆರೆದಾಗ ಯಾವ ಕೂಲರ್ ಎಂದು ಕೇಳುತ್ತವೆ: ಡಬ್ಬಿಯದೋ, ಟವರೋ, ನೀರಿನದೋ. ಟವರ್ ಎಂದರೆ 288 ವ್ಯಾಟ್, ನೀರು ಎಂದರೆ 4096 ವ್ಯಾಟ್ ಮಿತಿ, ಅಂದರೆ ಮಿತಿಯೇ ಇಲ್ಲ. ಪಿಸಿ ಜೋಡಿಸಿದ ಹುಡುಗ ಅವಸರದಲ್ಲಿ ಯಾವುದನ್ನು ಒತ್ತಿದ ಎಂಬುದರ ಮೇಲೆ ನಿಮ್ಮ ಉಷ್ಣತೆ ನಿಂತಿದೆ. 12400ಎಫ್ ಪೂರ್ತಿ ಬಿಟ್ಟರೂ ಐ9ರಂತೆ ಹಾರುವುದಿಲ್ಲ. ಸಿನಿಬೆಂಚ್‌ನಲ್ಲಿ 65ರಿಂದ 80 ವ್ಯಾಟ್ ಒಳಗೆ ಎಲ್ಲೋ ನಿಲ್ಲುತ್ತದೆ. ಆದರೆ ಡಬ್ಬಿ ಕೂಲರ್ ಇರುವವರಿಗೆ ಆ ಹದಿನೈದು ವ್ಯಾಟ್ ಎಂದರೆ ಹತ್ತು ಡಿಗ್ರಿ. ಡಬ್ಬಿ ಕೂಲರ್ ಆದರೆ ‘ಬಾಕ್ಸ್ಡ್ ಕೂಲರ್’ ಆರಿಸಿ, ಗೇಮಿನಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಡಬ್ಬಿ ಕೂಲರ್ ಮತ್ತು ಅದರ ನಾಲ್ಕು ಕಾಲು

ಡಬ್ಬಿಯಲ್ಲಿ ಬರುವ ಕೂಲರ್ ಲ್ಯಾಮಿನಾರ್ ಆರ್‌ಎಂ1 ನೋಡಲು ಚೆನ್ನಾಗಿದೆ, ನೀಲಿ ಬಳೆಯೊಂದು ಸುತ್ತಲೂ ಇದೆ. ತಳದಲ್ಲಿ ಪೇಸ್ಟ್ ಮೊದಲೇ ಹಚ್ಚಿ ಬರುತ್ತದೆ. 65 ವ್ಯಾಟನ್ನು ಅದು ಹೊರುತ್ತದೆ, ಸದ್ದು ಮಾಡುತ್ತಲೇ. ತೊಂದರೆ ಇರುವುದು ಪುಶ್‌ಪಿನ್‌ಗಳಲ್ಲಿ.

ಪ್ರತಿ ಕಾಲಿನಲ್ಲೂ ಎರಡು ಭಾಗ: ಬೋರ್ಡಿನ ತೂತಿನೊಳಗೆ ಹೋಗುವ ಸೀಳಿದ ಪ್ಲಾಸ್ಟಿಕ್ ತುದಿ, ಅದರ ನಡುವೆ ಇಳಿದು ಆ ಸೀಳನ್ನು ಅಗಲಿಸಿ ಬಿಗಿ ಮಾಡುವ ಕಡ್ಡಿ. ಹಾಕುವ ಮುಂಚೆ ನಾಲ್ಕು ತಲೆಗಳೂ ಬಾಣದ ಗುರುತಿನ ವಿರುದ್ಧ ದಿಕ್ಕಿಗೆ ಪೂರ್ತಿ ತಿರುಗಿ, ಮೇಲಕ್ಕೆ ಎಳೆದ ಸ್ಥಿತಿಯಲ್ಲಿರಬೇಕು. ಆಮೇಲೆ ನಾಲ್ಕು ತುದಿಗಳನ್ನೂ ತೂತಿಗೆ ಸರಿಯಾಗಿ ಕೂರಿಸಿ, ಎದುರುಬದುರು ಮೂಲೆಯಲ್ಲಿರುವ ಎರಡನ್ನು ಒಟ್ಟಿಗೆ ಒತ್ತಿ, ನಂತರ ಉಳಿದ ಎರಡನ್ನು. ‘ಟಕ್’ ಎಂಬ ಸದ್ದು ನಾಲ್ಕು ಸಲ ಬರಬೇಕು. ಸದ್ದನ್ನೇ ನಂಬದೆ ಬೋರ್ಡ್ ತಿರುಗಿಸಿ ಹಿಂದಿನಿಂದ ನೋಡಿ: ನಾಲ್ಕೂ ತೂತಿನಲ್ಲಿ ಸೀಳು ಅಗಲವಾಗಿ, ನಡುವಿನ ಕಡ್ಡಿಯ ತುದಿ ಕಾಣುತ್ತಿರಬೇಕು. ಮೂರರಲ್ಲಿ ಕಂಡು ಒಂದರಲ್ಲಿ ಕಾಣದಿದ್ದರೆ ನಿಮ್ಮ 0.91ರ ಮೂಲ ಸಿಕ್ಕಿತು. ಈ ಕೆಲಸವನ್ನು ಬೋರ್ಡ್ ಕ್ಯಾಬಿನೆಟ್ಟಿಗೆ ಹೋಗುವ ಮುಂಚೆಯೇ ಮಾಡಬೇಕು. ಒಳಗೆ ಹೋದ ಮೇಲೆ ಒತ್ತಿದರೆ ಬೋರ್ಡ್ ಬಗ್ಗುತ್ತದೆ, ಹಿಂದೆ ನೋಡಲೂ ಆಗುವುದಿಲ್ಲ.

ಒಂದು ಕಾಲು ಎದ್ದರೆ ಅಷ್ಟೇಕೆ ಬಿಸಿ? ಪೇಸ್ಟಿನ ಶಾಖ ವಾಹಕತೆ ಮೀಟರ್ ಕೆಲ್ವಿನ್‌ಗೆ 5 ವ್ಯಾಟ್ ಆಸುಪಾಸು ಎಂದಿಟ್ಟುಕೊಂಡರೆ ಗಾಳಿಯದು 0.026, ಸುಮಾರು ಇನ್ನೂರರಲ್ಲಿ ಒಂದು ಪಾಲು. ಪೇಸ್ಟ್ 0.05 ಮಿ.ಮೀ. ಬದಲು 0.1 ಮಿ.ಮೀ. ದಪ್ಪವಾದರೆ ಈ ವ್ಯಾಟ್‌ನಲ್ಲಿ ಒಂದೆರಡು ಡಿಗ್ರಿ ಹೋಗಬಹುದು. ಡೈ ಮೇಲ್ಭಾಗದಲ್ಲೇ ಗಾಳಿ ಸಿಕ್ಕಿಹಾಕಿಕೊಂಡರೆ ಹದಿನೈದು ಇಪ್ಪತ್ತು. ಅದಕ್ಕೇ ಪೇಸ್ಟ್ ಬ್ರ್ಯಾಂಡ್ ಬಗ್ಗೆ ನಡೆಯುವ ವಾದಗಳಲ್ಲಿ ಹೆಚ್ಚಿನವು ಸಮಯ ಹಾಳು. ಆರ್ಕ್ಟಿಕ್ ಎಂಎಕ್ಸ್-4 ಹಾಕಿ, ಎಂಎಕ್ಸ್-6 ಹಾಕಿ, ನಾಕ್ಟುವಾದ ಎನ್‌ಟಿ-ಎಚ್1 ಹಾಕಿ, ಈ ಪ್ರೊಸೆಸರ್ ಮಟ್ಟಿಗೆ ಎಲ್ಲವೂ ಒಂದೆರಡು ಡಿಗ್ರಿಯೊಳಗೆ. ಕಂಪನಿ ಹೆಸರಿಲ್ಲದ, ಕೂಲರ್ ಜೊತೆ ಚೀಲದಲ್ಲಿ ಬರುವ ಬಿಳಿ ಪೇಸ್ಟ್ ಮಾತ್ರ ಬೇಡ. ಅದು ಕೆಲವು ತಿಂಗಳಲ್ಲಿ ಒಣಗಿ ಬಿರಿಯುತ್ತದೆ.

ಪ್ರಮಾಣದ ಲೆಕ್ಕವೂ ಸುಲಭ. ಮುಚ್ಚಳದ ಮೇಲ್ಮೈ ಸುಮಾರು ಹತ್ತು ಚದರ ಸೆಂಟಿಮೀಟರ್. 0.1 ಮಿ.ಮೀ. ಪದರಕ್ಕೆ 0.1 ಮಿಲಿಲೀಟರ್ ಸಾಕು, ಎಂಎಕ್ಸ್-4ರಂಥ ಪೇಸ್ಟಿನಲ್ಲಿ ಅದು ಕಾಲು ಗ್ರಾಂ. ನಾಲ್ಕು ಗ್ರಾಂನ ಸಿರಿಂಜಿನಲ್ಲಿ ಹದಿನೈದು ಸಲಕ್ಕೆ ಆಗುತ್ತದೆ. ಈ ಪ್ರೊಸೆಸರ್ ಕೂರುವ ಸಾಕೆಟ್ ಎಲ್‌ಜಿಎ1700. ಅದರ ಪ್ರೊಸೆಸರ್‌ಗಳ ಮುಚ್ಚಳ ಉದ್ದನೆಯ ಆಯತ, ಹಾಗಾಗಿ ನಡುವೆ ಒಂದೇ ಬೊಟ್ಟು ಇಟ್ಟರೆ ತುದಿಗಳಿಗೆ ತಲುಪದೇ ಇರಬಹುದು. ಉದ್ದಕ್ಕೆ ಒಂದು ತೆಳು ಗೆರೆ ಎಳೆದು ಎರಡು ಬದಿಗೆ ಒಂದೊಂದು ಚುಕ್ಕೆ ಇಡಿ. ಒಮ್ಮೆ ಎತ್ತಿದ ಕೂಲರನ್ನು ಹಳೆಯ ಪೇಸ್ಟಿನ ಮೇಲೇ ಮತ್ತೆ ಕೂರಿಸಬಾರದು, ಆ ಹೊತ್ತಿಗೆ ಅದರೊಳಗೆ ಗಾಳಿಯ ಗುಳ್ಳೆ ಸೇರಿಯಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎರಡೂ ಕಡೆ ಒರೆಸಿ ಹೊಸದು ಹಚ್ಚಿ.

ಹಳೆಯ ಪಿಸಿಯ ಟವರ್ ಕೂಲರನ್ನೇ ಇದಕ್ಕೆ ಹಾಕಿಸುವವರು ಗಮನಿಸಿ. ಹಿಂದಿನ ಸಾಕೆಟ್‌ಗಳಾದ ಎಲ್‌ಜಿಎ1200 ಮತ್ತು 115ಎಕ್ಸ್ ಬೋರ್ಡುಗಳಲ್ಲಿ ತೂತುಗಳ ಅಂತರ 75 ಮಿ.ಮೀ., 1700ರಲ್ಲಿ 78. ಕೆಲವು ಆಸುಸ್ ಬೋರ್ಡುಗಳಲ್ಲಿ ಎರಡೂ ಬಗೆಯ ತೂತು ಇರುವುದರಿಂದ ಹಳೆಯ ಬ್ರ್ಯಾಕೆಟ್ ಕೂತುಬಿಡುತ್ತದೆ. ಆದರೆ 1700ರಲ್ಲಿ ಪ್ರೊಸೆಸರಿನ ತಲೆ ಬೋರ್ಡಿನಿಂದ 6.5ರಿಂದ 7.5 ಮಿ.ಮೀ. ಎತ್ತರದಲ್ಲಿದ್ದರೆ 1200ರಲ್ಲಿ 7.3ರಿಂದ 8.2. ಮುಕ್ಕಾಲು ಮಿ.ಮೀ.ನಷ್ಟು ತಗ್ಗು. ಕೂಲರ್ ಗಟ್ಟಿಯಾಗಿ ನಿಂತಿದೆ ಅನಿಸುತ್ತದೆ, ಒತ್ತಡ ಮಾತ್ರ ಇರುವುದಿಲ್ಲ. 1700ರ ಕಿಟ್ ಬೇರೆಯಾಗಿ ಸಿಗುತ್ತದೆ, ಅದನ್ನೇ ತರಿಸಿ.

ಕಾಂಟ್ಯಾಕ್ಟ್ ಫ್ರೇಮ್ ಬೇಕಾ?

ಎಲ್‌ಜಿಎ1700ರ ಸಾಕೆಟ್ ಕ್ಲಿಪ್ ಪ್ರೊಸೆಸರನ್ನು ಉದ್ದ ಬದಿಗಳ ನಡುವಿನಲ್ಲಿ ಮಾತ್ರ ಒತ್ತುತ್ತದೆ, ಅದರಿಂದ ಮುಚ್ಚಳ ನಡುವೆ ಕೂದಲೆಳೆಯಷ್ಟು ತಗ್ಗಾಗುತ್ತದೆ. ತಗ್ಗಿನ ಜಾಗ ಡೈ ಮೇಲೆಯೇ ಇರುವುದರಿಂದ ಅಲ್ಲಿ ಪೇಸ್ಟ್ ದಪ್ಪಗಾಗುತ್ತದೆ. ಬೋರ್ಡಿನಿಂದ ಬೋರ್ಡಿಗೆ ಕ್ಲಿಪ್ಪಿನ ಬಿಗಿ ಬೇರೆ, ಹಾಗಾಗಿ ತಗ್ಗೂ ಬೇರೆ. ಒಂದೇ ಚಿಪ್ಪು ಎರಡು ಬೋರ್ಡಿನಲ್ಲಿ ಎರಡು ಉಷ್ಣತೆ ತೋರಿಸುವುದಕ್ಕೆ ಇದೂ ಒಂದು ಕಾರಣ. ಥರ್ಮಲ್‌ರೈಟ್ ಮತ್ತು ಥರ್ಮಲ್ ಗ್ರಿಝ್ಲಿ ಮಾರುವ ಫ್ರೇಮುಗಳು ಕ್ಲಿಪ್ ತೆಗೆದು ನಾಲ್ಕೂ ಅಂಚಿನಿಂದ ಸಮನಾಗಿ ಒತ್ತುವಂತೆ ಮಾಡುತ್ತವೆ.

200 ವ್ಯಾಟ್ ದಾಟುವ ಐ9ಕ್ಕೆ ಅದು ಸಾರ್ಥಕ. 65 ವ್ಯಾಟಿನ 12400ಎಫ್‌ಗೆ ಲಾಭ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ: ಅಲ್ಲಿ ಎಂಟು ಡಿಗ್ರಿ ಉಳಿಸಿದ ಫ್ರೇಮ್ ಇಲ್ಲಿ ಎರಡೂವರೆ ಉಳಿಸೀತು. ಟಿ20 ಟಾರ್ಕ್ಸ್ ಬಿಟ್ಟಿನಿಂದ ನಾಲ್ಕು ಸ್ಕ್ರೂ ಬಿಚ್ಚುವಾಗ ಕೆಳಗಿನ ಸೂಕ್ಷ್ಮ ಪಿನ್‌ಗಳು ತೆರೆದಿರುತ್ತವೆ. ಹೆಚ್ಚು ಬಿಗಿದರೆ ಒಂದು ಮೆಮೊರಿ ಸ್ಲಾಟ್ ಕೆಲಸ ನಿಲ್ಲಿಸಬಹುದು. ಸಾಕೆಟ್ಟಿನ ಕ್ಲಿಪ್ ಬದಲಿಸಿದರೆ ವಾರಂಟಿ ಹೋಗುತ್ತದೆ ಎಂದೂ ಇಂಟೆಲ್ ಹೇಳಿದೆ. ಈ ಪ್ರೊಸೆಸರಿಗೆ ಫ್ರೇಮ್ ಬೇಡ. ಆ ದುಡ್ಡನ್ನು ಕೂಲರಿಗೆ ಸೇರಿಸಿ.

ಕ್ಯಾಬಿನೆಟ್ಟಿನೊಳಗಿನ ಬಿಸಿಲು

ಎಫ್ ಪ್ರೊಸೆಸರ್ ಎಂದ ಮೇಲೆ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. ಗೇಮ್ ಆಡುವಾಗ ಆ ಕಾರ್ಡು 150, 200 ವ್ಯಾಟ್ ಶಾಖವನ್ನು ಅದೇ ಕ್ಯಾಬಿನೆಟ್ಟಿನೊಳಗೆ ಬಿಡುತ್ತದೆ, ಅದು ಏರಿ ನೇರವಾಗಿ ಪ್ರೊಸೆಸರ್ ಕೂಲರಿನ ಬಾಯಿಗೆ ಹೋಗುತ್ತದೆ. ಸಿನಿಬೆಂಚ್‌ನಲ್ಲಿ 68 ತೋರಿಸಿದ ಪಿಸಿ, ಅರ್ಧದಷ್ಟೇ ವ್ಯಾಟ್ ಎಳೆಯುವ ಗೇಮಿನಲ್ಲಿ 72 ತೋರಿಸುವುದು ಹೀಗೆ. ಪರೀಕ್ಷೆ ಸುಲಭ: ಪಕ್ಕದ ಗಾಜಿನ ಬಾಗಿಲು ತೆಗೆದು ಅದೇ ಗೇಮನ್ನು ಹದಿನೈದು ನಿಮಿಷ ಓಡಿಸಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ದೋಷ ಕ್ಯಾಬಿನೆಟ್ಟಿನದ್ದು, ಪ್ರೊಸೆಸರ್ ಮುಟ್ಟಬೇಡಿ. ಮುಂದೆ ಪೂರ್ತಿ ಗಾಜಿರುವ, ಮೂರು ಬಣ್ಣದ ಫ್ಯಾನ್ ಮಿನುಗುವ ಕ್ಯಾಬಿನೆಟ್ಟುಗಳಲ್ಲಿ ಎಷ್ಟೋ ಸಲ ಫ್ಯಾನಿಗೆ ಗಾಳಿ ಎಳೆಯಲು ಬೆರಳಗಲದ ಸಂದು ಮಾತ್ರ ಇರುತ್ತದೆ. ಜಾಲರಿ ಮುಂಭಾಗದ್ದನ್ನು ಆರಿಸಿ, ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಧೂಳಿನ ಜಾಲರಿಯನ್ನು ಎರಡು ತಿಂಗಳಿಗೊಮ್ಮೆ ತೊಳೆಯಿರಿ, ರಸ್ತೆ ಬದಿಯ ಮನೆಯಾದರೆ ತಿಂಗಳಿಗೊಮ್ಮೆ.

ಫ್ಯಾನಿನ ವೇಗವೂ ಬೋರ್ಡಿನ ಮರ್ಜಿ. ಒಂದು ಬೋರ್ಡು 60 ಡಿಗ್ರಿಗೇ ಫ್ಯಾನನ್ನು ಜೋರು ಮಾಡುತ್ತದೆ, ಇನ್ನೊಂದು 75ರವರೆಗೆ ಸುಮ್ಮನಿರುತ್ತದೆ. ಎರಡು ಪಿಸಿ ಹೋಲಿಸುವಾಗ ಎರಡರಲ್ಲೂ ಫ್ಯಾನ್ ಪೂರ್ತಿ ವೇಗಕ್ಕೆ ಕಟ್ಟಿಹಾಕಿ, ಇಲ್ಲದಿದ್ದರೆ ಹೋಲಿಸುತ್ತಿರುವುದು ಫ್ಯಾನಿನ ಸೆಟ್ಟಿಂಗನ್ನು.

ಕೊಳ್ಳುವಾಗ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದೇ ಪ್ರೊಸೆಸರ್ ಎರಡು ರೂಪದಲ್ಲಿ ಸಿಗುತ್ತದೆ: ಡಬ್ಬಿಯದು ಮತ್ತು ‘ಟ್ರೇ’. ಟ್ರೇನಲ್ಲಿ ಕೂಲರ್ ಇಲ್ಲ, ಇಂಟೆಲ್‌ನ ಮೂರು ವರ್ಷದ ನೇರ ವಾರಂಟಿಯೂ ಇಲ್ಲ, ಅಂಗಡಿಯವರು ಬರೆದುಕೊಟ್ಟದ್ದೇ ವಾರಂಟಿ. ಚಿಪ್ಪು ಅದೇ, ಬಿಸಿಯೂ ಅದೇ. ಬೆಲೆಯಲ್ಲಿ ದೊಡ್ಡ ಉಳಿತಾಯ ಇಲ್ಲದಿದ್ದರೆ ಡಬ್ಬಿಯನ್ನೇ ತಗೊಂಡು, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಬೆಂಗಳೂರು, ಮೈಸೂರು, ಮಲೆನಾಡಿನ ಊರುಗಳಲ್ಲಿ ಗೇಮಿಗಷ್ಟೇ ಬಳಸುವವರಿಗೆ ಡಬ್ಬಿ ಕೂಲರ್ ನಡೆಯುತ್ತದೆ, ಸದ್ದು ಸಹಿಸಿದರೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಎಸಿ ಇಲ್ಲದ ಕೋಣೆಯಲ್ಲಿ ರೆಂಡರಿಂಗ್, ಕಂಪೈಲಿಂಗ್ ಮಾಡುವವರು ಮೊದಲ ದಿನವೇ ನಾಲ್ಕು ಹೀಟ್‌ಪೈಪಿನ, 120 ಮಿ.ಮೀ. ಫ್ಯಾನಿನ ಟವರ್ ಕೂಲರ್ ಹಾಕಿಸಿ. ಡೀಪ್‌ಕೂಲ್ ಎಜಿ400 ಆ ವರ್ಗದ ಒಳ್ಳೆಯ ಮಾಲು. ನೀರಿನ ಕೂಲರ್ ಈ ಪ್ರೊಸೆಸರಿಗೆ ದುಡ್ಡು ದಂಡ.

ಬದಲಾಯಿಸಿ ಕೊಡಿ ಎಂದು ಕೇಳುವ ಹಕ್ಕು ಹುಟ್ಟುವುದು ಯಾವಾಗ ಎಂದರೆ, ಬಯೋಸ್ ಮೂಲ ಸೆಟ್ಟಿಂಗಿನಲ್ಲಿ, 65 ವ್ಯಾಟ್ ಮಿತಿಯೊಂದಿಗೆ, ಹೊಸ ಪೇಸ್ಟ್ ಹಚ್ಚಿ, ಪಿನ್ ನಾಲ್ಕನ್ನೂ ಹಿಂದಿನಿಂದ ನೋಡಿ, ಬಾಗಿಲು ತೆಗೆದು ಓಡಿಸಿದ ಮೇಲೂ ಅದು 100 ಮುಟ್ಟಿ ವೇಗ ಇಳಿಸುತ್ತಿದ್ದರೆ, ಮತ್ತು ಬೇರೊಂದು ಬೋರ್ಡಿನಲ್ಲೂ ಹಾಗೇ ಆದರೆ. ಅಷ್ಟಾಗುವ ಪೀಸ್ ಅಪರೂಪ. 84 ಡಿಗ್ರಿ ತೋರಿಸುವ ಚಿಪ್ಪನ್ನು ವಾಪಸ್ ಕೊಟ್ಟು ತಂದರೆ, ಹೊಸ ಚಿಪ್ಪು ಅದೇ ಬೋರ್ಡಿನಲ್ಲಿ, ಅದೇ ಎದ್ದ ಪಿನ್ನಿನ ಕೆಳಗೆ 83 ತೋರಿಸುತ್ತದೆ.